ಮಲ್ಲಾಜಮ್ಮನ ನೋವಿನ ಪುಸ್ತಕ

...ಇಲ್ಲ ಕಣವ್ವ, ಹಂಗೆ ಬರ್ಯೋಕಾಗಲ್ಲ! 'ಡೆಫ್ ಪೇನ್' ಅಂತೆ... ಕಿವುಡು ನೋವು! ಈ ಫೋನು ಹೇಳ್ತು ಅಂತ ನಾನೂ ಹಂಗೇ ಬರ್ದುಬುಟ್ರೆ ನಾಳೆ ಮೈಸೂರು ಡಾಕ್ಟ್ರು ಏನಂತಾರೆ? 'ಮೇಷ್ಟ್ರೇ, ಇದು ಬೆನ್ನುಮೂಳೆ ವಿಭಾಗ, ಕಿವಿ ಡಾಕ್ಟ್ರು ಕೆಳಗಿನ ಮಹಡೀಲಿ ಕೂತ್ಕೋತಾರೆ' ಅಂತ ಇಬ್ರನ್ನೂ ಸಾಗಾಕ್ತಾರೆ. ಯಾಕ್ ನಗ್ತೀಯ? ನಗೋ ವಿಷ್ಯನಾ ಇದು? ಬಂದು ಇಪ್ಪತ್ತು ದಿನ ಆಯ್ತು, ಇಪ್ಪತ್ತು ಮಾತಾಡಿಲ್ಲ ನೀನು. ನಿಮ್ಮಣ್ಣ ಒದ್ದಾಡೋದು ನೋಡಿದ್ರೆ ಮಾತ್ರ ನಗು ಬರುತ್ತೆ.

ಸೊರ್ದೊ... ದೊಲೊರೆ ಸೊರ್ದೊ. ಸರಿಯಾಗಿ ಅಂದ್ನಾ? ಹ್ಞೂಂ. ದೊಲೊರೆ ಅಂದ್ರೆ ನೋವು, ಅಲ್ಲೀಗಂಟ ಬಂದಿದೀನಿ. ಈ ಸೊರ್ದೊ ಎಂಥದ್ದು? ಬಾಯಲ್ಲಿ ಹೇಳು ಮಲ್ಲೂ! ಇಟಲಿಲಿ ಹದಿನಾಲ್ಕು ವರ್ಷ ಇದ್ದು ಬಂದೋಳು ನೀನು. ನಿಂಗೆ ಇಟಾಲಿಯನ್ ಬರುತ್ತೆ, ಇಂಗ್ಲಿಷ್ ಬರಲ್ಲ. ನಂಗೆ ಇಂಗ್ಲಿಷ್ ಬರುತ್ತೆ, ಇಟಾಲಿಯನ್ ಬರಲ್ಲ. ಮಧ್ಯದಲ್ಲಿ ಕನ್ನಡ ಅಂತ ಒಂದಿದೆ, ಅದ್ರಲ್ಲಾದ್ರೂ ಬಾಯಿ ಬಿಡ್ಬಾರ್ದಾ?

ಏನದು... ತೊಡೆ ಮೇಲೆ ಮುಷ್ಟಿ ಇಟ್ಟು ಒತ್ತಿದ್ರೆ? ಒಳಗೊಳಗೇ ಒತ್ತುತ್ತೆ... ಜೋರಿಲ್ಲ... ಆದ್ರೆ ಹೋಗಲ್ಲ. ಬೆಳಿಗ್ಗೆಯಿಂದ ಸಂಜೆಗಂಟ ಹಂಗೇ ಕೂತಿರುತ್ತೆ. ಹ್ಞಾಂ! 'ಡಲ್'! ಡಲ್ ಏಕ್! ಸಿಕ್ತು ನೋಡು. ಎಷ್ಟೊತ್ತು ತಗೊಂಡ್ತು ಇದೊಂದು ಪದ? ಇಪ್ಪತ್ತು ನಿಮಿಷ. ಡಲ್ ಅಂತ ನಾನು ಹಿಂದಿನ ಬೆಂಚಿನ ಹುಡುಗ್ರಿಗೆ ಬೈತಿದ್ದೆ. ಅದೇ ಪದಾನ ತಂಗಿ ಸೊಂಟಕ್ಕೆ ಬರೀಬೇಕಾಗುತ್ತೆ ಅಂತ ಯಾರಿಗ್ ಗೊತ್ತಿತ್ತು?

ಈಗ ಟೈಮೆಷ್ಟು? ಎರಡೂವರೆ. ನಂಜುಂಡೇಶ ಐದೂವರೆಗೆ ಸರಿಯಾಗಿ ಅಂಗ್ಡಿ ಬಾಗ್ಲು ಎಳೀತಾನೆ. ತಾಲ್ಲೂಕು ಆಫೀಸು ಮುಚ್ತಿದ್ದಂಗೆ ಅವನ ಟೈಪಿಂಗು, ಜೆರಾಕ್ಸು ಎಲ್ಲ ಬಂದ್. ಹಳೇ ಶಿಷ್ಯ ಅಂತ ಹತ್ತು ನಿಮಿಷ ಕಾಯ್ಬೌದು, ಅಷ್ಟೇ. ನಾಳೆ ಏಳಕ್ಕೆ ನರಸೀಪುರ ಬಿಟ್ರೆ ಹತ್ತಕ್ಕೆ ಡಾಕ್ಟ್ರ ಮುಂದೆ ಇರ್ತೀವಿ. ಅವ್ರು ಏನಂದ್ರು ಅನ್ನೋದು ನೀನೂ ಕೇಳಿಸ್ಕೊಂಡೆಯಲ್ಲ. 'ಸ್ಕ್ಯಾನ್ ನೋಡ್ದೆ, ನರ ಒತ್ಕೊಂಡಿರೋದು ಕಾಣ್ತಿದೆ. ಆದ್ರೆ ಎಷ್ಟು ದಿನದಿಂದ ಒತ್ಕೊಂಡಿದೆ? ಯಾವ ಥರ ನೋವು, ಎಲ್ಲಿಂದ ಎಲ್ಲೀವರೆಗೆ, ಯಾವತ್ತು ಶುರು? ಅದು ಗೊತ್ತಾಗ್ದೆ ನಾನು ಚಾಕು ಹಿಡ್ಯಲ್ಲ. ನೋವು ಬರ್ದಿಟ್ಟಿರೋ ಆ ಇಟಲಿ ಪುಸ್ತಕ ಇಂಗ್ಲಿಷಿಗೆ ಮಾಡಿ ತನ್ನಿ, ಅದನ್ನ ನೋಡಿ ಹೇಳ್ತೀನಿ ಕಾಲು ಉಳಿಯುತ್ತೋ ಇಲ್ವೋ ಅಂತ.' ಕಾಲು ಉಳಿಯುತ್ತೋ ಇಲ್ವೋ... ಹಂಗೇ ಅಂದ್ಬುಟ್ರು, ನಿನ್ನ ಮುಖದ ಮುಂದೇನೇ. ನೀನು ಗೋಡೆ ಕ್ಯಾಲೆಂಡರ್ ನೋಡ್ತಾ ಕೂತಿದ್ದೆ.

ಸರಿ, ಮುಂದಿಂದು. ಫಿ... ಫಿತ್ತಾ. ಇದಕ್ಕೆ ಎಲ್ಲ ಪುಟದಲ್ಲೂ ಟಿಕ್ ಹಾಕಿದೀಯ. ಏನಿದು? ಸೂಜಿ? ಸೂಜಿ ಚುಚ್ಚಿ ತೆಗ್ದಂಗೆ... ಓ, ಚಳುಕು! ಚಳುಕು ಅನ್ನು, ಮುಗೀತಲ್ಲ. ಎದ್ರೆ ಚಳುಕು, ಕೂತ್ರೆ ಚಳುಕು, ಕೆಮ್ಮಿದ್ರೆ ಚಳುಕು. ಅವ್ವ ದಿನಾ ಅಂತಿದ್ಲಲ್ಲ. ಆದ್ರೆ ಇಂಗ್ಲಿಷಲ್ಲಿ ಚಳುಕಿಗೆ ಏನು? ತಡಿ, ಡಿಕ್ಷನರಿ ಕೊಡು. 'ಸ್ಟ್ಯಾಬಿಂಗ್'... ಅಂದ್ರೆ ಚಾಕು ಹಾಕೋದು ಕಣೇ! ಇದೇನ್ ಡಾಕ್ಟ್ರಿಗೆ ಕೊಡೋ ಕಾಗ್ದನೋ ಪೊಲೀಸ್ ಕಂಪ್ಲೇಂಟೋ?

ನಂಗೇ ಸಿಟ್ಟು ಬತ್ತದೆ ಮಲ್ಲೂ. ಮೂವತ್ನಾಲ್ಕು ವರ್ಷ ಇಂಗ್ಲಿಷ್ ಪಾಠ ಮಾಡಿದೀನಿ. ಸಿದ್ದಮಲ್ಲಪ್ಪ ಮೇಷ್ಟ್ರ ಗ್ರಾಮರ್ ಅಂದ್ರೆ ನಂಜನಗೂಡಿನಿಂದ ತಗಡೂರುಗಂಟ ಹೆಸರಿತ್ತು. ರಜಾ ಅರ್ಜಿ ಹೇಳಿಕೊಟ್ಟಿದೀನಿ ಸಾವಿರಾರು ಮಕ್ಳಿಗೆ. 'ಆಸ್ ಐ ಆಮ್ ಸಫರಿಂಗ್ ಫ್ರಂ ಫೀವರ್ ಅಂಡ್ ಹೆಡ್ಏಕ್.' ಎಲ್ಲಾ ಹುಡುಗ್ರಿಗೂ ಅದೇ ಜ್ವರ, ಅದೇ ತಲೆನೋವು! ಹೆಣ್ಮಕ್ಳಿಗೆ ಸ್ಟಮಕ್ ಏಕ್. ಮೂರು ನೋವಲ್ಲಿ ಮೂವತ್ನಾಲ್ಕು ವರ್ಷ ನೌಕ್ರಿ ಮುಗಿಸ್ಬುಟ್ಟೆ. ಒಬ್ಬನೂ ಚಳುಕು ಅಂತ ರಜಾ ಕೇಳಿಲ್ಲ, ನಾನೂ ಹೇಳಿಕೊಟ್ಟಿಲ್ಲ. ಈಗ ಸ್ವಂತ ತಂಗಿಗೆ ಬೇಕಾದಾಗ ನನ್ನ ಇಂಗ್ಲಿಷ್ ಪೆಟ್ಟಿಗೆ ತೆಗೆದ್ರೆ ಖಾಲಿ!

ಬ್ರುಚೋರೆ. ಹ್ಞೂಂ, ಉರಿ... ಇದು ಸುಲಭ. ಬರ್ನಿಂಗ್. ಬರ್ದೆ.

ಇದ್ಯಾವ್ದು ಉದ್ದಕ್ಕೆ... ಕೊಲ್ಪೊ ದೆಲ್ಲ ಸ್ತ್ರೇಗಾ. ಫೋನಿಗೆ ಹಾಕ್ತೀನಿ ಇರು. ಏನಂತದೆ? 'ವಿಚ್'... ಮಾಟಗಾತಿ ಹೊಡೆತ! ಅಯ್ಯೋ ನಿನ್ನ! ಅಷ್ಟು ಮುಂದುವರಿದ ದೇಶ, ಮಿಷಿನ್ನು ಮಾಡ್ತಾರೆ, ಕಾರು ಮಾಡ್ತಾರೆ, ಸೊಂಟ ಹಿಡ್ಕೊಂಡ್ರೆ ಮಾಟಗಾತಿ ಅಂತಾರಾ? ನಮ್ಮ ಕೆಂಪಾಜಮ್ಮಜ್ಜಿ ಗಾಳಿ ಸೋಕು ಅಂತಿದ್ಲು, ಅವ್ಳನ್ನ ನಾವು ನಗ್ತಿದ್ವಿ. ಹ್ಞೂಂ, ಗೊತ್ತಾಯ್ತು, ಬಗ್ಗಿದಾಗ ಫಟ್ ಅಂತ ಹಿಡ್ಕೊಂಡು ನೇರಕ್ಕೆ ನಿಲ್ಲೋಕಾಗಲ್ವಲ್ಲ, ಅದು. ಆ ಅಜ್ಜೀನ ಎತ್ತುವಾಗ ಆಗಿದ್ದಾ? ಲುಚೀಯಾ ಅವ್ವನ್ನ? ತೊಂಬತ್ತು ಕೆ.ಜಿ. ಹೆಂಗ್ಸನ್ನ ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ... ಒಬ್ಬಳೇ... ದಿನಕ್ಕೆ ಎಷ್ಟು ಸಲ?

ಬುಡು. ಹೇಳ್ಬೇಡ.

ಆ ಲುಚೀಯಾ ಮೈಸೂರು ಗೋಕುಲಕ್ಕೆ ಯೋಗ ಕಲಿಯೋಕೆ ಬರ್ದೇ ಇದ್ದಿದ್ರೆ, ನೀನು ಅವ್ಳ ಮನೆ ಅಡುಗೆಗೆ ಹೋಗ್ದೇ ಇದ್ದಿದ್ರೆ, ನಿನ್ನ ರಾಗಿಮುದ್ದೆ ಅವ್ಳಿಗೆ ಅಷ್ಟೊಂದು ಹಿಡಿಸ್ದೇ ಇದ್ದಿದ್ರೆ... 'ಮಲ್ಲಾಜಮ್ಮನ್ನ ನಮ್ಮೂರಿಗೆ ಕಳ್ಸಿ, ನನ್ನ ತಾಯಿ ನೋಡ್ಕೊಳೋಕೆ' ಅಂತ ನನ್ ಮುಂದೆ ಕೈ ಮುಗಿದಾಗ ನಾನೇ ತಾನೆ ಹ್ಞೂಂ ಅಂದಿದ್ದು. ಗಂಡ ತೀರ್ಕೊಂಡು ಎಂಟು ವರ್ಷ ಆಗಿತ್ತು ನಿಂಗೆ, ಮಕ್ಳಿಲ್ಲ ಮರಿಯಿಲ್ಲ, ಒಂದು ದಾರಿ ಆಯ್ತಲ್ಲ ಅಂದ್ಕೊಂಡೆ. ತಪ್ಪು ಮಾಡಿದ್ನಾ? ಇಲ್ಲ ಅಂತ ತಲೆ ಆಡಿಸ್ತೀಯ. ಸರಿ.

ಆದ್ರೂ ಒಳ್ಳೇ ಹುಡುಗಿ ಕಣೇ ಆ ಲುಚೀಯಾ. ನೀನು ಹೇಳಿದ್ದನ್ನೆಲ್ಲ ಎಷ್ಟು ಅಚ್ಚುಕಟ್ಟಾಗಿ ಬರ್ದಿದಾಳೆ. ಎಡಗಡೆ ಅಚ್ಚಾಗಿರೋ ಪದ, ಟಿಕ್ಕು. ಬಲಗಡೆ ತಾರೀಖು, ನೀನು ಹೇಳಿದ ಮಾತು. ಕೆಳಗೆ ಸೊನ್ನೆಯಿಂದ ಹತ್ತರ ತನಕ ಒಂದು ಗೆರೆ, ನೋವೆಷ್ಟು ಅಂತ ಒಂದು ಸುತ್ತು. ಎಂಟು... ಎಂಟು... ಒಂಬತ್ತು. ಇಲ್ಲೂ ಒಂಬತ್ತು. ಮಲ್ಲೂ, ಒಂಬತ್ತಾ? ಹತ್ತಕ್ಕೆ ಒಂಬತ್ತು? ಮೊನ್ನೆ ಡಾಕ್ಟ್ರು ಕೇಳಿದಾಗ 'ಪರ್ವಾಗಿಲ್ಲ ಸಾ' ಅಂದ್ಯಲ್ಲ! ನಮ್ ಕಡೆ ಯಾವ ಹೆಂಗಸು ನೋವಿಗೆ ಒಂಬತ್ತು ಕೊಟ್ಟಿದಾಳೆ? ಹೆರಿಗೆ ಕೋಣೇಲೂ 'ಪರ್ವಾಗಿಲ್ಲ' ಅನ್ನೋ ಜನ. ನಾನು ಇಪ್ಪತ್ತು ವರ್ಷ ಎಸ್ಸೆಸ್ಸೆಲ್ಸಿ ಪೇಪರ್ ತಿದ್ದಿದೀನಿ, ಪ್ರಬಂಧಕ್ಕೆ ಹತ್ತಕ್ಕೆ ಏಳರ ಮೇಲೆ ಕೊಟ್ಟೋನಲ್ಲ. ಏಳು ಮಾಡ್ಲಾ? ಡಾಕ್ಟ್ರು ನಂಬ್ಬೇಕಲ್ವಾ... ನೀನು 'ಪರ್ವಾಗಿಲ್ಲ' ಅಂದಿರೋದು, ನಾನು ಒಂಬತ್ತು ಅಂತ ಬರ್ಯೋದು...

ಹಂಗ್ ನೋಡ್ಬೇಡ. ಆಯ್ತು. ಒಂಬತ್ತೇ. ಇಕೋ, ಒಂಬತ್ತು. ದೊಡ್ಡದಾಗೇ ಬರ್ದೆ.

ಆದ್ರೆ ಒಂದ್ ಮಾತ್ ಹೇಳ್ತೀನಿ, ಬೇಜಾರ್ ಮಾಡ್ಕೋಬೇಡ. ಇಷ್ಟೆಲ್ಲ ಆ ಲುಚೀಯಾಗೆ ಹೇಳಿದೀಯ. ಡಲ್ಲು, ಚಳುಕು, ಉರಿ, ಮಾಟಗಾತಿ... ಬೇರೆ ಊರು, ಬೇರೆ ಜಾತಿ, ಬೇರೆ ಭಾಷೆಯೋಳಿಗೆ. ನಮ್ಗೆ ಒಂದ್ ಮಾತು ಹೇಳ್ಬಾರ್ದಿತ್ತಾ? ಪ್ರತಿ ಭಾನ್ವಾರ ಫೋನ್ ಮಾಡ್ತಿದ್ಯಲ್ಲ! ಸಂಜೆ ಐದಾದ್ರೆ ನಿಮ್ಮತ್ಗೆ ಚನ್ನಾಜಮ್ಮ ಫೋನು ಒರೆಸಿ ಸ್ಟೂಲ್ ಮೇಲಿಟ್ಟು ಕಾಯೋಳು. 'ಚೆನ್ನಾಗಿದೀನಿ, ನೀವೆಲ್ಲ ಹೆಂಗಿದೀರ? ನಿನ್ ಮಗ್ಳು ನಂದಿತಾ ಏನ್ ಮಾಡ್ತಿದಾಳೆ? ಮಳೆ ಬಂತಾ?' ಅಷ್ಟೇ. ಅದೇ ಮಾತು. ಕಾಲು ಹೋಗ್ತಿದೆ ಅಂತ ಒಂದ್ ಸಲ... ಒಂದೇ ಒಂದ್ ಸಲ ಬಾಯ್ಬಿಟ್ಟಿದ್ರೆ ನಾನು ಸುಮ್ನೆ ಇರ್ತಿದ್ನಾ? ಮಾರನೇ ದಿನವೇ ಕರೆಸ್ಕೋತಿದ್ದೆ! ಒಡಹುಟ್ಟಿದವನು ಕಣೇ ನಾನು!

ಯಾಕ್ ಕಿಟಕಿ ಕಡೆ ತಿರುಗ್ದೆ? ಅಲ್ಲೇನಿದೆ? ಸಂತೆ ಆಟೋಗಳು. ಇಲ್ಲಿ ನೋಡು. ಇಲ್ಲ, ನಾನು ಬೈತಿಲ್ಲ. ಹೊಟ್ಟೆಉರಿಗೆ ಅಂದೆ.

ಸರಿ ಸರಿ, ಕೆಲ್ಸ ಮಾಡೋಣ. ಫೋರ್ಮಿ... ಇದು ನಾಲಗೆಗೇ ಬರಲ್ಲ. ಫೋರ್ಮಿಕೊಲೀಯೊ. ನಂಗೊತ್ತು, ಇದ್ಕೆ ಕೈಯಲ್ಲಿ ತೋರಿಸ್ಬೇಡ. ಇರುವೆ. ಕಾಲಲ್ಲಿ ಇರುವೆ ಹರಿದಂಗೆ. ಜೋಮು. ಇಂಗ್ಲಿಷಲ್ಲಿ 'ಟಿಂಗ್ಲಿಂಗ್'. ಇದನ್ನ ನಾನು ಮೊದ್ಲೇ...

ಏನು? ಹೆಂಗ್ ಗೊತ್ತು ಅಂತನಾ? ಏನವ್ವ, ನಾನು ಫೋನಲ್ಲಿ ನೋಡಿದ್ದೆ. ಮುಂಚೇನೇ ಕೆಲವು ಪದ ನೋಡಿಟ್ಕೊಂಡಿದ್ದೆ, ಈಗ ಟೈಮ್ ಉಳೀಲಿ ಅಂತ. ಅದ್ಕೇನೀಗ? ಮೇಷ್ಟ್ರಾದವನು ಮುಂಚೆ ಪಾಠ ಓದ್ಕೊಂಡು ಬರಲ್ವಾ?

ಅಲ್ಲಾ, ನೆನ್ನೆಯಿಂದ ನೋಡ್ತಿದೀನಿ, ನೀನು ಒಂಥರಾ ಇದೀಯ. ನಂಜನಗೂಡಿಂದ ಬಂದ್ಮೇಲಿಂದ. ದೇವಸ್ಥಾನಕ್ಕೆ ಬೇಡ ಅಂದಿದ್ರೆ ಬೇಡ ಅನ್ನಬೌದಿತ್ತು. ಸೋಮವಾರ, ನಂಜುಂಡೇಶ್ವರನ ಮುಂದೆ ಒಂದ್ ಸಲ ನಿಂತ್ಕೊಂಡ್ರೆ ಒಳ್ಳೇದಾಗುತ್ತೆ ಅಂತ ಕರ್ಕೊಂಡೋದೆ. ಮೆಟ್ಲು ಹತ್ತೋದು ಕಷ್ಟ ಆಯ್ತು, ಒಪ್ತೀನಿ. ಆದ್ರೆ ಮುಖ ಹಂಗಾಗಿದ್ದು ಮೆಟ್ಲಿಂದಲ್ಲ. ಆ ರಂಗನಾಯಕನ ಅಂಗ್ಡಿ ಮುಂದೆ.

ಅಯ್ಯೋ, ಅವನ ಮಾತಾ? ಹರಕೆ ಅಂಗ್ಡಿಯೋನು ಕಣೇ ಅವ್ನು! ದಿನಕ್ಕೆ ನೂರು ಜನ ನಿಂತು ಕಣ್ಣು ನೋವಿಗೆ ಬೆಳ್ಳಿ ಕಣ್ಣು, ಕೈ ನೋವಿಗೆ ಬೆಳ್ಳಿ ಕೈ ತಗೋತಾರೆ. ಯಾರ್ಯಾರ ಕಾಲು ಯಾರ್ಯಾರಿಗೆ ಅಂತ ಅವ್ನಿಗೆ ನೆನಪಿರುತ್ತಾ? 'ಮೇಷ್ಟ್ರೇ, ಇವ್ರೇನಾ ತಂಗಿ? ಕಾಲು ವಾಸಿ ಆಗ್ಲಿಲ್ವಾ ಇನ್ನೂ? ನೀವು ಬೆಳ್ಳಿ ಕಾಲು ತಗೊಂಡೋಗಿ ಎರಡು ವರ್ಸದ ಮೇಲಾಯ್ತಲ್ಲ' ಅಂದ. ಯಾರೋ ಬೇರೆ ಮೇಷ್ಟ್ರು ಇರ್ಬೇಕು. ನಂಜನಗೂಡಲ್ಲಿ ಮೇಷ್ಟ್ರುಗಳಿಗೆ ಬರನಾ? ಹಂಗಂತ ಆಗ್ಲೇ ಹೇಳಿದ್ನಲ್ಲ ನಿಂಗೆ, ಬಸ್ಸಲ್ಲಿ ಎರಡು ಸಲ. ಈಗ ಮೂರನೇ ಸಲ ಹೇಳ್ತಿದೀನಿ. ನೀನು ಕೇಳ್ದೇನೇ.

ಬುಡು ಅದನ್ನ. ಬರ್ಕೋತೀನಿ. 'ಟಿಂಗ್ಲಿಂಗ್ ಅಂಡ್ ನಂಬ್ನೆಸ್ ಇನ್ ರೈಟ್ ಲೆಗ್... ಸಿನ್ಸ್ ಸಿಕ್ಸ್ ಮಂತ್ಸ್.' ಅಲ್ಲಿಗೆ ಈ ಪುಟ ಆಯ್ತು.

ಏನು? ಯಾಕ್ ಪೆನ್ನು ಹಿಡ್ಕೊಂಡೆ? ಬುಡವ್ವ.

ಆರು ತಿಂಗ್ಳು, ಹೌದು. ಡಿಸೆಂಬರ್‌ನಿಂದ ಶುರು ಮಾಡಿದೀನಿ ನಾನು. ಈ ಮಧ್ಯದ ಪುಟದಿಂದ. ಹಿಂದಿಂದೆಲ್ಲ ಹಳೇ ಕಥೆ, ಬೆನ್ನು ನೋವು, ಸೊಂಟ ನೋವು, ಅದೇ ಅದೇ. ಎಲ್ಲ ಬರೀತಾ ಕೂತ್ರೆ ಐದೂವರೆ ಅಲ್ಲ, ನಾಡಿದ್ದು ಬೆಳಿಗ್ಗೆ ಆಗುತ್ತೆ. ಮೊನ್ನೆ ಡಾಕ್ಟ್ರಿಗೂ ನಾನು ಅದೇ ಅಂದಿದ್ದು, 'ಆರು ತಿಂಗ್ಳಿಂದ ಸಾರ್' ಅಂತ. ನೀನು ಪಕ್ಕದಲ್ಲೇ ಕೂತಿದ್ದೆ. ಆಗ ಇಲ್ಲ ಅನ್ಲಿಲ್ಲ. ಈಗ ಕಾಗ್ದದಲ್ಲಿ ಬೇರೆ ಬರ್ದ್ರೆ ಹೆಂಗೆ? ಇವ್ರಿಬ್ರೂ ಸುಳ್ಳು ಹೇಳ್ತಾರೆ ಅನ್ಕೊಳಲ್ವಾ ಅವ್ರು?

ಯಾಕ್ ಹಿಂದಕ್ಕೆ ತಿರುವ್ತೀಯ ಪುಸ್ತಕಾನ... ಮೆಲ್ಲಗೆ, ಹೊಲಿಗೆ ಬಿಚ್ಕೋತದೆ. ಎಲ್ಲೀಗ್ ಹೋಗ್ತಿದೀಯ? ನವೆಂಬರ್... ಅದೂ ಬಿಟ್ಟು... ಅದು ಅದಕ್ಕೂ ಹಿಂದಿನ ವರ್ಷದ್ದು... ಮಲ್ಲೂ, ಅದು ಮೊದಲ್ನೇ ಪುಟ. ಅದ್ರಲ್ಲೇನೂ ಇಲ್ಲ.

ಬೆರಳು ತೆಗಿ.

ಇಂಕು ಹರಡ್ಕೊಂಡಿದೆ, ಓದೋಕಾಗಲ್ಲ ಅದು. ಕಾಫಿನೋ ಏನೋ ಚೆಲ್ಲಿದೆ. ನಾನಂತೂ ಆ ಪುಟ ನೋಡೇ ಇಲ್ಲ. ನಿಜವಾಗ್ಲೂ... ಏನ್ ನಿಜವಾಗ್ಲೂ ಅಂದ್ರೆ... ನೋಡೇ ಇಲ್ಲ ಅಂದ್ರೆ ನೋಡಿಲ್ಲ!

ಫೋನ್ ಯಾಕೆ ತಗೊಂಡೆ? ಅದನ್ನೇನ್ ಮಾಡ್ತೀಯ, ನಿಂಗೆ ಆ ಆಪ್ ಬರಲ್ಲ. ಕೊಡು ಇಲ್ಲಿ. ಬೇರೇದೇನೋ ಒತ್ತಿಬುಟ್ಟೆ ನೋಡು. ಅದು ಹಳೇ ಪಟ್ಟಿ, ಹಿಂದೆ ಹುಡುಕಿದ್ದೆಲ್ಲ ಅಲ್ಲಿ ಸಾಲಾಗಿ ಕೂತಿರುತ್ತೆ. ಅದು... ತೋರಿಸ್ಬೇಡ ನಂಗೆ. ಕನ್ನಡಕ ಹಾಕಿದೀನಿ, ಕಾಣ್ತಿದೆ.

ಫೋರ್ಮಿಕೊಲೀಯೊ.

ಫ್ರಾತೆಲ್ಲೊ.

ಆಸ್ಪೆತ್ತಾರೆ.

...

ನೆನ್ನೆ ಸಂಜೆ. ನೀನು ಬಸ್ಸಿಳಿದು ಬಂದು ಮಲಗಿದ್ದಾಗ. ರಂಗನಾಯಕ ಅಂದಿದ್ದು ತಲೇಲಿ ಕೊರೀತಿತ್ತು. ಪುಸ್ತಕದಲ್ಲೇನಾದ್ರೂ ಇದ್ಯಾ ಅಂತ ನೋಡ್ದೆ. ಫ್ರಾತೆಲ್ಲೊಗೆ ಫೋನೇ ಬೇಕಾಗಿರ್ಲಿಲ್ಲ, ಆದ್ರೂ ಹಾಕ್ದೆ. ಬೇರೆ ಏನಾದ್ರೂ ಅರ್ಥ ಇರ್ಬೌದಾ ಅಂತ. ಫೋನ್ ಎತ್ತಿದ್ರೆ 'ಹಲೋ ಫ್ರಾತೆಲ್ಲೊ' ಅಂತಿದ್ದೆಯಲ್ಲ ನೀನು, ಮೊದಮೊದ್ಲು... ನಂದಿತಾಗೆ ನಗು ಬರ್ಲಿ ಅಂತ. ಅಣ್ಣ. ಅಷ್ಟೇ ಅದ್ರ ಅರ್ಥ. ಆಸ್ಪೆತ್ತಾರೆ ಅಂದ್ರೆ ಕಾಯೋದು.

ಏನಾದ್ರೂ ಅನ್ನು ಮಲ್ಲೂ. ಬೈ. ನಿಮ್ಮತ್ಗೆ ಮಿಲ್ಲಿಂದ ಬರೋಕ್ ಮುಂಚೆ ಬೈದ್ಬುಡು. ಅವ್ಳಿಗೂ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ.

ಮಾರ್ಚ್ ಹನ್ನೊಂದು. ನಂದಿತಾ ನಿಶ್ಚಿತಾರ್ಥ. ನಂಜನಗೂಡು ಛತ್ರ, ಬೀಗರು ಆಗ ತಾನೆ ಬಂದು ಕೂತಿದ್ರು. ನಾನು ತಾಂಬೂಲದ ತಟ್ಟೆ ಹಿಡ್ಕೊಂಡಿದ್ದೆ, ಜೇಬಲ್ಲಿ ಫೋನು ಹೊಡ್ಕೋತು. ಭಾನ್ವಾರ ಅಲ್ವಲ್ಲ, ಇವ್ಳು ಯಾಕ್ ಮಾಡಿದ್ಲು ಅಂತ ಹೊರಗ್ ಬಂದೆ. ನೀನು ಅಳ್ತಿದ್ದೆ. ಅಷ್ಟು ವರ್ಷದಲ್ಲಿ ನೀನು ಫೋನಲ್ಲಿ ಅತ್ತಿದ್ದು ಅದೊಂದೇ ಸಲ. 'ಅಣ್ಣ, ಕಾಲೊಳಗೆ ಇರುವೆ ಹರಿದಂಗಾಗ್ತದೆ, ಚಪ್ಲಿ ಕಳಚಿ ಹೋದ್ರೂ ಗೊತ್ತಾಗಲ್ಲ, ಭಯ ಆಯ್ತದೆ, ಬಂದ್ಬುಡ್ಲಾ' ಅಂದೆ. ನೋಡು, ಒಂದಕ್ಷರ ಮರೆತಿಲ್ಲ. ನೀನು ಹೇಳೇ ಇಲ್ಲ ಅಂತ ಈಗ ಅರ್ಧ ಗಂಟೆ ಹಿಂದೆ ಕಿರುಚಾಡಿದವನು ನಾನು.

ಬೀಗಿತ್ತಿ ಆಗಷ್ಟೇ ಕೇಳಿದ್ಲು ಕಣೇ, 'ನಿಮ್ಮ ವಂಶದಲ್ಲಿ ಕಾಯಿಲೆ ಕಸಾಲೆ ಏನಾದ್ರೂ ಉಂಟಾ?' ಅಂತ. ನಮ್ಮಜ್ಜಿ ಕಾಲೆಳೀತಿದ್ದದ್ದು ತಗಡೂರು ಕಡೆಯೋರಿಗೆಲ್ಲ ಗೊತ್ತು. ಈಗ ಹುಡುಗಿ ಸೋದರತ್ತೆನೂ ಕಾಲೆಳ್ಕೊಂಡು ಬಂದು ಮನೇಲಿ ಕೂತ್ಲು ಅಂದ್ರೆ... ಆ ಸಂಬಂಧ ಅಲ್ಲಿಗೇ ಮುರಿದು ಬೀಳ್ತದೆ ಅನ್ನಿಸ್ಬುಡ್ತು. 'ತಡ್ಕೋ ಮಲ್ಲೂ, ಮದ್ವೆ ಒಂದ್ ಮುಗೀಲಿ' ಅಂದೆ. ಫೋನಿಟ್ಟೆ. ನಂದಿತಾನ ಎತ್ತಾಡ್ಸಿದವಳು ನೀನು. ಮದ್ವೆ ಮನೇಲಿ ಎಲ್ರಿಗೂ 'ಅವ್ಳಿಗೆ ರಜಾ ಸಿಗ್ಲಿಲ್ಲ' ಅಂದೆ. ರಜಾ ಕೊಡ್ದಿದ್ದವನು ನಾನು.

ಆಮೇಲೆ ನಂದಿತಾ ಬಸುರಿ. ಆಮೇಲೆ ಬಾಣಂತನ. ಆಮೇಲೆ... ಏನಾದ್ರೂ ಒಂದು ಇದ್ದೇ ಇರ್ತಿತ್ತು. ಕೇಳಿದ್ರೆ ನೀನು ಹೇಳ್ಬುಡ್ತೀಯ ಅಂತ ನಾನು ಕೇಳೋದೇ ಬಿಟ್ಟೆ. ನಾನು ಕೇಳಲ್ಲ ಅಂತ ನೀನು ಹೇಳೋದು ಬಿಟ್ಟೆ. ಮಳೆ ಬಂತಾ, ಬಂತು. ಊಟ ಆಯ್ತಾ, ಆಯ್ತು.

ಬೆಳ್ಳಿ ಕಾಲಾ? ತಗೊಂಡೆ. ಅವತ್ತೇ. ಛತ್ರದಿಂದ ನೇರ ರಂಗನಾಯಕನ ಅಂಗ್ಡಿಗೆ. ಅಂಗೈಯಗಲದ್ದು, ಮೊಣಕಾಲಿಂದ ಬೆರಳುಗಂಟ ಗೆರೆ ಕೊರೆದಿರೋದು. ಹುಂಡಿಗೆ ಹಾಕಿ ಕೈ ಮುಗಿದಾಗ ಎಷ್ಟು ಹಗುರ ಆಯ್ತು ಗೊತ್ತಾ ನಂಗೆ? ದೇವ್ರಿಗೆ ಒಪ್ಪಿಸ್ದೆ, ಇನ್ನು ಅವ್ನು ನೋಡ್ಕೋತಾನೆ, ನನ್ ಕೆಲ್ಸ ಆಯ್ತು ಅನ್ನಿಸ್ತು. ಬಂದು ಎರಡು ಸಲ ಪಾಯಸ ಹಾಕಿಸ್ಕೊಂಡು ತಿಂದೆ.

ಇನ್ನೊಂದಿದೆ. ಹೇಳೇಬುಡ್ತೀನಿ. ರಂಗನಾಯಕ ಕೇಳಿದ್ದ, 'ಬಲಗಾಲೋ ಎಡಗಾಲೋ ಮೇಷ್ಟ್ರೇ?' ಅಂತ. ನಂಗೆ ಗೊತ್ತಿರ್ಲಿಲ್ಲ. ನೀನು ಹೇಳಿದ್ದೆಯೋ ಏನೋ, ನಾನು ಬಾಗ್ಲ ಕಡೆ ನೋಡ್ತಿದ್ದೆ, ಬೀಗ್ರು ಹುಡುಕ್ತಿದ್ರೇನೋ ಅಂತ. ಎಡಗಾಲು ಅಂದೆ. ಬಾಯಿಗೆ ಬಂದಿದ್ದು ಅಂದೆ. ಎಡಗಾಲು ಒಪ್ಪಿಸಿ ಬಂದೆ ಮಲ್ಲೂ... ಬಂದ ದಿನ ನೀನು ಬಸ್‌ಸ್ಟ್ಯಾಂಡಲ್ಲಿ ಇಳಿದು ಬಲಗಾಲು ಎಳೀತಾ ಬಂದ್ಯಲ್ಲ, ಆಗಲೇ ನಂಗೆ ಗೊತ್ತಾಗಿದ್ದು.

ಅಳ್ಬೇಡ. ಅಳ್ತಿಲ್ವಾ? ನಾನೇ ಏನೋ.

ಡಾಕ್ಟ್ರು ಮೊನ್ನೆ 'ಇಷ್ಟು ದಿನ ಯಾರ್ ಬಿಟ್ಟಿದ್ರು ಇದನ್ನ? ಯಾವತ್ತಿಂದ ಇದು?' ಅಂತ ಕೇಳಿದ್ರಲ್ಲ, ನಿನ್ನ ಕೇಳಿದ್ದು, ನಾನು ಮುಂಚೇನೇ ಬಾಯಿ ಹಾಕ್ದೆ. ಆರು ತಿಂಗ್ಳು ಅಂತ. ಎರಡು ವರ್ಷ ಅಂದ್ರೆ ಮುಂದಿನ ಪ್ರಶ್ನೆ ಬರುತ್ತಲ್ಲ, ಅದ್ಕೆ. ನೀನು ಕ್ಯಾಲೆಂಡರ್ ನೋಡ್ತಾ ಕೂತೆ. ಆವಾಗಿಂದ ಕಾಯ್ತಿದೀಯಾ? ನಾನೇ ಹೇಳ್ಲಿ ಅಂತ? ಬೆಳಿಗ್ಗೆಯಿಂದ ಈ ಡಲ್ಲು, ಸ್ಟ್ಯಾಬಿಂಗು, ಮಾಟಗಾತಿ ಅಂತ ನಾನು ಕುಣಿದಿದ್ದೆಲ್ಲ ನೋಡ್ತಾ... ಗೊತ್ತಿತ್ತು ನಿಂಗೆ.

ಕೊಡು ಪೆನ್ನು. ಕೊಡವ್ವ. ತಪ್ಪು ತಾರೀಖು ಬರ್ದು ಅವ್ರ ಕೈಗೆ ಚಾಕು ಕೊಟ್ರೆ ನಾನು ಮನುಷ್ಯನೇ ಅಲ್ಲ. 'ಸಿಕ್ಸ್ ಮಂತ್ಸ್' ಹೊಡೆದು ಹಾಕ್ದೆ, ನೋಡು. 'ಸಿನ್ಸ್ ಟು ಇಯರ್ಸ್ ಅಂಡ್ ತ್ರೀ ಮಂತ್ಸ್.' ಮೊದಲ್ನೇ ಪುಟದಿಂದ ಬರೀತೀನಿ. ಲುಚೀಯಾ ಏನ್ ಬರ್ದಿದಾಳೆ? ಓದು ನೀನೇ... ಸರಿ, ನಾನೇ ಓದ್ತೀನಿ. 'ಇಲೆವೆಂತ್ ಮಾರ್ಚ್. ಟಿಂಗ್ಲಿಂಗ್ ಇನ್ ರೈಟ್ ಲೆಗ್. ನೈನ್ ಔಟ್ ಆಫ್ ಟೆನ್. ಟೋಲ್ಡ್ ಹರ್ ಬ್ರದರ್.'

ಕೆಳಗಿನ ಸಾಲೂ ಬರೀಲಾ? ಡಾಕ್ಟ್ರಿಗೆ ಅದು ಬೇಕಾಗಲ್ಲ... ರೋಗಕ್ಕೆ ಸಂಬಂಧ ಇಲ್ದಿರೋದು...

ಬೆರಳು ಅಲ್ಲೇ ಇಟ್ಟಿದೀಯ.

ಆಯ್ತು. 'ಬ್ರದರ್ ಸೆಡ್ ವೇಟ್.' ಬರ್ದೆ. ಇದಕ್ಕೆ ಡಿಕ್ಷನರಿ ಬೇಕಾಗ್ಲಿಲ್ಲ.

ನಾಲ್ಕೂಕಾಲಾಯ್ತು. ಉಳಿದಿದ್ದು ಅಂಗ್ಡೀಲೇ ಕೂತು ಬರೀತೀನಿ, ನಂಜುಂಡೇಶ ಟೈಪ್ ಮಾಡ್ತಾ ಹೋಗ್ಲಿ. ಅವ್ನೂ ಓದ್ತಾನೆ, ಓದ್ಲಿ. ನಾಳೆ ಡಾಕ್ಟ್ರು ಕೇಳಿದ್ರೆ ನಾನು ಬಾಯಿ ಹಾಕಲ್ಲ, ನೀನೇ ಹೇಳು. ನೀನೂ ಬತ್ತೀಯಾ ಅಂಗ್ಡಿಗೆ? ಎಲ್ಲ ಸರಿಯಾಗಿ ಬಂತಾ ಅಂತ ನೋಡೋಕಾ? ನಂಬಿಕೆ ಇಲ್ಲ... ಇಲ್ಲ, ಬಾ, ಬರ್ಲೇಬೇಕು. ಏಳು. ನನ್ನ ಭುಜ ಹಿಡ್ಕೋ.

ಹಿಡ್ಕೊಳಲ್ವಾ?

ಸರಿ. ಗೋಡೆ ಹಿಡ್ಕೊಂಡೇ ಬಾ. ಹೊಸ್ತಿಲು ಎತ್ತರ ಇದೆ, ಬಲಗಾಲು ನೋಡ್ಕೊಂಡು ಎತ್ತಿಡು. ಅವಸರ ಇಲ್ಲ ಮಲ್ಲೂ, ನಿಧಾನಕ್ಕೆ ಬಾ. ನಾನು ಇಲ್ಲೇ ಗೇಟ್ ಹತ್ರ ಕಾಯ್ತೀನಿ.